ಲೈಸೆನ್ಸ್ ಉಳಿಯಿತು, ಕೆಲಸ ಸಿಗಲಿಲ್ಲ

ಕಳೆದ ಯುಗಾದಿಗೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಅಮೆರಿಕನ್ ನರ್ಸ್ ಒಬ್ಬರು ಗಸಗಸೆ ಪಾಯಸ ಮುಟ್ಟಲಿಲ್ಲ. ಹೋಳಿಗೆ ಕೇಳಿ ಹಾಕಿಸಿಕೊಂಡರು. ಮಾವಿನಕಾಯಿ ಚಿತ್ರಾನ್ನ ಚಪ್ಪರಿಸಿದರು. ಪಾಯಸದ ಲೋಟ ಮುಂದಿಟ್ಟಾಗ ಮಾತ್ರ "ಇದರಲ್ಲಿ ಏನು ಹಾಕಿದ್ದೀರಿ?" ಅಂತ ಕೇಳಿದರು. ನನ್ನ ಹೆಂಡತಿ ಉತ್ಸಾಹದಿಂದ ವಿವರಿಸಿದಳು. ಗಸಗಸೆ ಅಂದದ್ದೇ ತಡ, ಲೋಟ ಪಕ್ಕಕ್ಕೆ ಸರಿಸಿದರು. "ಇದನ್ನು ಕುಡಿದರೆ ನನ್ನ ಲೈಸೆನ್ಸ್‌ಗೆ ಕುತ್ತು" ಅಂದರು.

ನಾವು ನಕ್ಕೆವು. ಅವರು ನಗಲಿಲ್ಲ. ಗಸಗಸೆಯಲ್ಲಿ ಮಾರ್ಫಿನ್ ಚೂರುಪಾರು ಇರುತ್ತದೆ, ಮೂತ್ರ ಪರೀಕ್ಷೆಯಲ್ಲಿ ಅದು ಕಾಣಿಸಿಕೊಳ್ಳಬಹುದು. ಚಟದಿಂದ ಹೊರಬಂದ ನರ್ಸ್‌ಗಳ ಮೇಲೆ ಕಣ್ಣಿಡುವ ಕಾರ್ಯಕ್ರಮವೊಂದಕ್ಕೆ ಅವರು ಸಹಿ ಹಾಕಿರುವ ಒಪ್ಪಂದದಲ್ಲಿ ಅದನ್ನು ತಿನ್ನಬಾರದು ಅಂತ ಬರೆದೇ ಇದೆ.

ನಾನು ಇಲ್ಲಿ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಅವರು ನಮ್ಮ ಐಸಿಯುನಲ್ಲೇ ವರ್ಷಗಟ್ಟಲೆ ಇದ್ದವರು. ಭಾರದ ರೋಗಿಯೊಬ್ಬರನ್ನು ಎತ್ತುವಾಗ ಸೊಂಟ ಹಿಡಿಯಿತು. ಮೊದಲು ಡಾಕ್ಟರೇ ಬರೆದುಕೊಟ್ಟ ನೋವಿನ ಮಾತ್ರೆ. ಚೀಟಿ ನಿಂತ ಮೇಲೂ ಮೈ ಅದನ್ನೇ ಕೇಳುತ್ತಿತ್ತು. ಆಮೇಲೆ ವಾರ್ಡಿನಿಂದ ಕದ್ದ ನೋವಿನ ಇಂಜೆಕ್ಷನ್. ಒಂದು ದಿನ ತಡೆಯಲಾರದೆ ತಾವೇ ಮ್ಯಾನೇಜರ್ ಹತ್ತಿರ ಹೋಗಿ ಹೇಳಿಕೊಂಡರು, ಚಿಕಿತ್ಸೆಗೆ ಸೇರಿದರು, ಚಟ ಬಿಟ್ಟರು. ಇಷ್ಟನ್ನು ಬರೆಯಲು ಒಪ್ಪಿದ್ದಾರೆ. ಹೆಸರು, ಊರು ಬೇಡ ಅಂದಿದ್ದಾರೆ. ನರ್ಸ್‌ಗಳೇ ಸಿಗುತ್ತಿಲ್ಲ ಅಂತ ಆಸ್ಪತ್ರೆಗಳು ಬಾಯಿ ಬಾಯಿ ಬಡಿದುಕೊಳ್ಳುವ ಈ ದೇಶದಲ್ಲಿ ಅವರಿಗೆ ತಿಂಗಳುಗಟ್ಟಲೆ ಕೆಲಸ ಸಿಗಲಿಲ್ಲ.

ವಾರ್ಡಿನ ಇಂಜೆಕ್ಷನ್ ಕೈತಪ್ಪುವುದು ಹೇಗೆ ಅಂತ ಊರಿನವರು ಕೇಳುತ್ತಾರೆ. ಇಲ್ಲಿ ಔಷಧ ಇರುವುದು ಬೀಗದ ಯಂತ್ರದಲ್ಲಿ. ಬೆರಳಚ್ಚು ಕೊಟ್ಟರೆ ಬೇಕಾದ ಡ್ರಾಯರ್ ಮಾತ್ರ ತೆರೆಯುತ್ತದೆ. ಒಳಗೆ ಎಷ್ಟಿದೆ ಅಂತ ಎಣಿಸಿ ಒತ್ತಬೇಕು. ಹೈಡ್ರೊಮಾರ್ಫೋನ್ ಅನ್ನುವ ನೋವಿನ ಔಷಧದ ವಯಲ್‌ನಲ್ಲಿ 2 ಮಿಲಿಗ್ರಾಂ ಇದೆ, ಡಾಕ್ಟರ್ ಬರೆದದ್ದು 1 ಮಿಲಿಗ್ರಾಂ ಅಂತಿಟ್ಟುಕೊಳ್ಳಿ. ಉಳಿದದ್ದನ್ನು ಇನ್ನೊಬ್ಬ ನರ್ಸ್ ಎದುರಿಗೇ ಚೆಲ್ಲಬೇಕು, ಇಬ್ಬರೂ ಯಂತ್ರದಲ್ಲಿ ಒಪ್ಪಿಗೆ ಒತ್ತಬೇಕು. ಇದಕ್ಕೆ ವೇಸ್ಟ್ ಮಾಡುವುದು ಅಂತಾರೆ. ನಿಯಮ ಚೆನ್ನಾಗಿಯೇ ಇದೆ. ಆದರೆ ಆ ಇನ್ನೊಬ್ಬ ನರ್ಸ್‌ಗೆ ಅತ್ತ ನಾಲ್ಕು ಬೆಲ್ ಹೊಡೆಯುತ್ತಿರುತ್ತವೆ. ಚೆಲ್ಲಿದ್ದನ್ನು ನೋಡದೆ ಬೆರಳು ಒತ್ತಿ ಓಡುತ್ತಾರೆ. ಚೆಲ್ಲಬೇಕಾದ ಆ ಒಂದು ಮಿಲಿಗ್ರಾಂ ಜೇಬಿಗೆ ಹೋಗುವುದು ಅಲ್ಲೇ. ಆಮೇಲೆ ಆ ಲೆಕ್ಕ ಹಿಡಿಯುವುದು ನನ್ನಂಥವರ ಕೆಲಸ.

ಇಂಥವರನ್ನು ಹೊರಗೆ ಹಾಕಿ ಕೈ ತೊಳೆದುಕೊಳ್ಳುವ ಬದಲು ಚಿಕಿತ್ಸೆ ಕೊಟ್ಟು ವಾಪಸ್ ತರೋಣ ಅಂತ ಅಮೆರಿಕ ಯೋಚಿಸಿದ್ದು ಇಂದು ನಿನ್ನೆಯಲ್ಲ. ಫ್ಲಾರಿಡಾದಲ್ಲಿ ನರ್ಸ್‌ಗಳಿಗಾಗಿಯೇ ಇಂಥ ಕಾರ್ಯಕ್ರಮ 1983ರಲ್ಲೇ ಶುರುವಾಯಿತು. ಈಗ ಬಹುಪಾಲು ರಾಜ್ಯಗಳಲ್ಲಿ ಇದೆ. ಒಪ್ಪಿಕೊಂಡು ಬಂದರೆ, ಹೇಳಿದ ಹಾಗೆ ಕೇಳಿದರೆ, ಲೈಸೆನ್ಸ್ ಉಳಿಯುತ್ತದೆ. ಅನೇಕ ಕಡೆ ಹೆಸರೂ ಬಯಲಾಗುವುದಿಲ್ಲ.

ಹೇಳಿದ ಹಾಗೆ ಕೇಳುವುದು ಅಂದರೆ ಸಾಮಾನ್ಯವಾಗಿ 3ರಿಂದ 5 ವರ್ಷದ ವ್ರತ. ದಿನಾ ಬೆಳಗ್ಗೆ ಫೋನಿನಲ್ಲೋ ಆ್ಯಪ್‌ನಲ್ಲೋ ಹಾಜರಿ ಹಾಕಬೇಕು. ಇವತ್ತು ನಿಮ್ಮ ಸರದಿ ಅಂತ ಬಂದರೆ ಅದೇ ದಿನ ಹೋಗಿ ಮೂತ್ರ ಕೊಡಬೇಕು. ಮಗಳ ಸ್ಕೂಲ್ ಡೇ ಇರಲಿ, ಪ್ರವಾಸದಲ್ಲಿರಲಿ, ಬಿಡುವ ಹಾಗಿಲ್ಲ. ನೀರು ಜಾಸ್ತಿ ಕುಡಿದು ಮೂತ್ರ ತೆಳ್ಳಗಾದರೆ ಅದಕ್ಕೂ ಅನುಮಾನ. ಮೌತ್‌ವಾಶ್ ಬೇಡ, ಕೆಲವು ಕೆಮ್ಮಿನ ಸಿರಪ್ ಬೇಡ. ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲೂ ಆಲ್ಕೋಹಾಲ್ ಇರುತ್ತದೆ, ಪರೀಕ್ಷೆ ಅಷ್ಟು ಸೂಕ್ಷ್ಮ, ಹುಷಾರು ಅಂತಾರೆ. ವಾರ್ಡಿನಲ್ಲಿ ಪ್ರತಿ ರೂಮಿನ ಬಾಗಿಲಲ್ಲೂ ಅದನ್ನೇ ತಗುಲಿಹಾಕಿರುತ್ತಾರೆ, ನೋಡಿ. ಪರೀಕ್ಷೆಯ ಖರ್ಚು ಹಲವು ಕಡೆ ನರ್ಸ್‌ನದೇ. ಸಂಬಳ ಇಲ್ಲದಾಗಲೂ.

ಇಷ್ಟನ್ನೂ ಅವರು ಗೊಣಗದೆ ಮಾಡುತ್ತಾರೆ. ನನಗೆ ಸಿಟ್ಟು ಬರುವುದು ಇದರ ಮುಂದಿನದಕ್ಕೆ.

ಕೆಲಸಕ್ಕೆ ಮರಳುವಾಗ ಕಟ್ಟುಪಾಡುಗಳ ಒಂದು ಪಟ್ಟಿ ಜತೆಗೇ ಬರುತ್ತದೆ. ಶುರುವಿನಲ್ಲಿ ನೈಟ್ ಡ್ಯೂಟಿ ಮಾಡುವ ಹಾಗಿಲ್ಲ. ಓವರ್‌ಟೈಮ್ ಇಲ್ಲ. ಏಜೆನ್ಸಿ ಕೆಲಸ, ಮನೆಮನೆಗೆ ಹೋಗುವ ಕೆಲಸ ಇಲ್ಲ. ನೋವಿನ ಇಂಜೆಕ್ಷನ್ ಇಟ್ಟ ಡ್ರಾಯರ್ ತೆರೆಯುವ ಹಾಗಿಲ್ಲ. ಮೇಲ್ವಿಚಾರಕರು ಸದಾ ಹತ್ತಿರ ಇರಬೇಕು, ಆಗಾಗ ವರದಿ ಕಳಿಸಬೇಕು. ಒಂದೊಂದಕ್ಕೂ ಕಾರಣ ಇದೆ, ನಾನು ಒಪ್ಪುತ್ತೇನೆ. ಎಲ್ಲ ಸೇರಿಸಿದರೆ ಏನಾಗುತ್ತದೆ? ಐಸಿಯುನಲ್ಲಿ ನೋವಿನ ಇಂಜೆಕ್ಷನ್ ಮುಟ್ಟದ ನರ್ಸ್‌ಗೆ ಅರ್ಧ ಕೆಲಸವೇ ಇಲ್ಲ. ಪಕ್ಕದವರು "ನನ್ನ ಪೇಷೆಂಟ್ ಜತೆ ಅವಳ ಪೇಷೆಂಟಿಗೂ ನಾನೇ ಕೊಡಬೇಕಾ?" ಅಂತ ಮುಖ ಊದಿಸುತ್ತಾರೆ. ಹೊಸದಾಗಿ ಸೇರುವವರಿಗೆ ಸಿಗುವುದೇ ನೈಟ್ ಡ್ಯೂಟಿ. ಅದು ಇವರಿಗೆ ಕೂಡದು.

ಕಾರ್ಯಕ್ರಮ ಗುಟ್ಟಿನದಾದರೂ ಕೆಲಸ ಕೊಡುವವರಿಗೆ ಒಪ್ಪಂದ ತೋರಿಸಲೇಬೇಕು. ಇಂಟರ್‌ವ್ಯೂ ನಗುನಗುತ್ತಾ ನಡೆಯುತ್ತದೆ. ಆ ಕಾಗದ ಮೇಜಿನ ಮೇಲೆ ಬಿದ್ದ ಮೇಲೆ "ತಿಳಿಸುತ್ತೇವೆ" ಅಂತಾರೆ. ತಿಳಿಸುವುದಿಲ್ಲ. ಲೈಸೆನ್ಸ್ ಬೋರ್ಡು ಬಹಿರಂಗವಾಗಿ ಕ್ರಮ ತೆಗೆದುಕೊಂಡವರ ಪಾಡು ಇನ್ನೂ ಕೆಟ್ಟದು. ನರ್ಸಿಸ್ ಅಂತ ಒಂದು ವೆಬ್‌ಸೈಟ್ ಇದೆ. ಯಾರು ಬೇಕಾದರೂ ಹೆಸರು ಹಾಕಿ ಲೈಸೆನ್ಸ್ ಮೇಲಿನ ಕ್ರಮ ನೋಡಬಹುದು. ಲೈಸೆನ್ಸ್ ರದ್ದಾಗಿಯೋ ಅಮಾನತಾಗಿಯೋ ಕೇಂದ್ರ ಸರ್ಕಾರದ ಬಹಿಷ್ಕಾರದ ಪಟ್ಟಿಗೆ ಬಿದ್ದರಂತೂ ಮುಗಿಯಿತು. ಮೆಡಿಕೇರ್, ಮೆಡಿಕೇಡ್ ಅನ್ನುವ ಸರ್ಕಾರಿ ಆರೋಗ್ಯ ವಿಮೆಯ ಹಣ ಪಡೆಯುವ ಯಾವ ಆಸ್ಪತ್ರೆಯೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಆ ಹಣ ಪಡೆಯದ ಆಸ್ಪತ್ರೆ ಇಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಕೆಲವು ರಾಜ್ಯಗಳಲ್ಲಿ ಇನ್ನೊಂದು ಗಂಟು. ಕಟ್ಟುಪಾಡು ಸಡಿಲವಾಗಬೇಕಾದರೆ ಇಷ್ಟು ತಿಂಗಳು ನರ್ಸ್ ಆಗಿ ಕೆಲಸ ಮಾಡಿರಬೇಕು. ಕಟ್ಟುಪಾಡು ಇರುವವರೆಗೆ ಕೆಲಸ ಕೊಡುವವರಿಲ್ಲ. ಕೆಲಸ ಇಲ್ಲದ ತಿಂಗಳು ಲೆಕ್ಕಕ್ಕಿಲ್ಲ. ಹುಚ್ಚು ಬಿಡದೆ ಮದುವೆ ಆಗೋಲ್ಲ, ಮದುವೆ ಆಗದೆ ಹುಚ್ಚು ಬಿಡೋಲ್ಲ.

ಇದೇ ಗುಂಗಿನಲ್ಲಿದ್ದಾಗ ಭಾವನಿಗೆ ಫೋನ್ ಮಾಡಿದ್ದೆ. ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಅವರ ಪುಟ್ಟ ನರ್ಸಿಂಗ್ ಹೋಂ. ಎಲ್ಲ ಕೇಳಿಸಿಕೊಂಡು "ಇದಕ್ಕೆಲ್ಲ ಅಷ್ಟು ದೊಡ್ಡ ಕತೆ ಯಾಕೆ ಮಾರಾಯ?" ಅಂದರು. ಅವರಲ್ಲಿ ಒಬ್ಬ ಬ್ರದರ್, ಅಂದರೆ ಗಂಡು ನರ್ಸ್, ಇದ್ದಾನೆ. ಒಳ್ಳೆ ಕೈ, ಮಗುವಿಗೂ ಒಂದೇ ಸಲಕ್ಕೆ ನರ ಹಿಡಿಯುತ್ತಾನೆ. ಕುಡಿತಕ್ಕೆ ಬಿದ್ದಿದ್ದ. ಅವನ ಹೆಂಡತಿ ಬಂದು ಅಕ್ಕನ ಹತ್ತಿರ ಅತ್ತಳು. ಭಾವ ಅವನನ್ನು ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಕಳಿಸಿದರು. ಎಂಟು ದಿನ ಊರಿನ ಸಭಾಭವನದಲ್ಲೇ ವಾಸ, ಭಜನೆ, ಬುದ್ಧಿಮಾತು, ಕೊನೆಗೆ ಹೆಂಡತಿ ಮಕ್ಕಳ ಎದುರಿಗೆ ಪ್ರಮಾಣ. ಆಮೇಲೆ ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿ. ಶಿಬಿರ ಮುಗಿದ ಮರುವಾರ ಡ್ಯೂಟಿಗೆ ಬಂದ. "ರಾತ್ರಿ ಪಾಳಿ ಹಾಕಲ್ಲ. ಬೀರುವಿನ ಕೀ ಸಿಸ್ಟರ್ ಹತ್ರನೇ ಇರುತ್ತೆ. ಸಂಬಳ ಅವನ ಹೆಂಡ್ತಿ ಕೈಗೆ" ಅಂದರು ಭಾವ.

ಕೇಳಿ ನನಗೆ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ನೈಟ್ ಡ್ಯೂಟಿ ಇಲ್ಲ, ಔಷಧದ ಕೀ ಇಲ್ಲ, ಕಣ್ಣಳತೆಯಲ್ಲಿ ಒಬ್ಬರು. ಅಮೆರಿಕ ಪುಟಗಟ್ಟಲೆ ಒಪ್ಪಂದದಲ್ಲಿ ಬರೆದದ್ದೂ ಅದನ್ನೇ ಅಲ್ವಾ? ವ್ಯತ್ಯಾಸ ಒಂದೇ. ಇಲ್ಲಿ ನಿಯಮ ಮಾಡುವವರು ಒಬ್ಬರು, ಕೆಲಸ ಕೊಡುವವರು ಇನ್ನೊಬ್ಬರು. ಬೋರ್ಡು "ನೀವು ಕೆಲಸ ಮಾಡಬಹುದು" ಅಂತ ಪತ್ರ ಕೊಡುತ್ತದೆ. ಯಾರ ಹತ್ತಿರ ಅಂದರೆ ಅದು ನಮ್ಮ ವಿಷಯ ಅಲ್ಲ ಅನ್ನುತ್ತದೆ. ಆಸ್ಪತ್ರೆಯ ಎಚ್ಆರ್‌ನವರಿಗೆ ಮನುಷ್ಯರ ಮುಖ ಕಾಣುವ ಮೊದಲೇ ಆನ್‌ಲೈನ್ ಅರ್ಜಿಯಲ್ಲಿ "ಲೈಸೆನ್ಸ್ ಮೇಲೆ ಕಟ್ಟುಪಾಡು ಇದೆಯೇ?" ಅನ್ನುವ ಪ್ರಶ್ನೆಗೆ ಕೊಟ್ಟ ಒಂದು "ಹೌದು" ಆ ಅರ್ಜಿಯನ್ನು ಬದಿಗೆ ತಳ್ಳಿರುತ್ತದೆ. ಭಾವನಲ್ಲಿ ಬೋರ್ಡೂ ಅವರೇ, ಎಚ್ಆರ್ ಕೂಡ ಅವರೇ. ಆ ಬ್ರದರ್‌ನ ಅಪ್ಪನೂ ಅವರಿಗೆ ಗೊತ್ತು.

ಚಟ ಬಿಟ್ಟವರು ಕೆಲಸಕ್ಕೆ ಮರಳುವುದು ಈ ದೇಶಕ್ಕೇನು ಹೊಸದಲ್ಲ. ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವವರ ಸಂಘ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು 1935ರಲ್ಲಿ, ಒಹಾಯೋದ ಆ್ಯಕ್ರನ್‌ನಲ್ಲಿ. ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬರು ಸರ್ಜನ್. ಕುಡಿತ ಬಿಟ್ಟ ಮೇಲೂ ಅವರು ಡಾಕ್ಟರಾಗಿಯೇ ಮುಂದುವರಿದರು. ಅವರೇ ಇವತ್ತಿನ ಒಬ್ಬ ನರ್ಸ್ ಆಗಿದ್ದರೆ ಯಾವ ವಾರ್ಡಿಗೂ ಸೇರಿಸುತ್ತಿರಲಿಲ್ಲ ಅಂತ ಅನ್ನಿಸುತ್ತದೆ. ಡಾಕ್ಟರುಗಳಿಗೂ ಇಲ್ಲಿ ಇಂಥದೇ ಕಾರ್ಯಕ್ರಮ ಇದೆ. ಆದರೆ ಆಸ್ಪತ್ರೆಗೆ ದುಡ್ಡು ತರುವವರು ಡಾಕ್ಟರು. ಅವರಿಗೆ ಬಾಗಿಲು ಹೇಗೋ ತೆರೆಯುತ್ತದೆ. ಔಷಧ ತೆಗೆದುಕೊಂಡೇ ಚಟದಿಂದ ದೂರ ಇರುವ ನರ್ಸ್‌ಗಳಿಗೆ ಇನ್ನೂ ಅನ್ಯಾಯ ಆಗಿದೆ. ಇಂಡಿಯಾನಾದ ನರ್ಸಿಂಗ್ ಬೋರ್ಡು ಬ್ಯುಪ್ರೆನಾರ್ಫಿನ್‌ನಂಥ ಚಿಕಿತ್ಸೆಯಲ್ಲಿರುವವರನ್ನು ತನ್ನ ಪುನರ್ವಸತಿ ಕಾರ್ಯಕ್ರಮದಿಂದಲೇ ದೂರ ಇಟ್ಟಿತ್ತು. ಅದು ಅಂಗವಿಕಲರ ಹಕ್ಕಿನ ಕಾನೂನಿಗೆ ವಿರುದ್ಧ ಅಂತ 2022ರಲ್ಲಿ ಕೇಂದ್ರದ ನ್ಯಾಯ ಇಲಾಖೆ ಹೇಳಬೇಕಾಯಿತು. ಡಾಕ್ಟರು ಬರೆದ ಮಾತ್ರೆ ನುಂಗಿದ್ದೂ ತಪ್ಪು!

ಇಲ್ಲಿಗೆ ನಿಲ್ಲಿಸಿದ್ದರೆ ನನಗೂ ಹಿತವಾಗಿತ್ತು. ನಮ್ಮೂರೇ ಮೇಲು ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಅಕ್ಕ ಹಾಳು ಮಾಡಿದಳು. ಮಾತಿನ ನಡುವೆ "ಆ ಹಿಂದಿನ ಸಿಸ್ಟರ್ ನೆನಪಿದಾಳಾ?" ಅಂತ ಕೇಳಿದಳು. ನೆನಪಿದ್ದಳು. ಪೆಂಟಜೋಸಿನ್ ಅನ್ನುವ ನೋವಿನ ಇಂಜೆಕ್ಷನ್ ತಾನೇ ಚುಚ್ಚಿಕೊಳ್ಳುತ್ತಿದ್ದಳು ಅಂತ ಗೊತ್ತಾದಾಗ ಅವಳಿಗೆ ಶಿಬಿರ ಇರಲಿಲ್ಲ, ಬುದ್ಧಿಮಾತೂ ಇರಲಿಲ್ಲ. ತಿಂಗಳ ಸಂಬಳ ಕೊಟ್ಟು, "ಹುಷಾರಿಲ್ಲ" ಅಂತ ಬರೆಸಿಕೊಂಡು ಕಳಿಸಿದರು. ಮುಂದಿನ ತಿಂಗಳು ಪಕ್ಕದ ತಾಲ್ಲೂಕಿನ ಇನ್ನೊಂದು ಕಡೆ ಸೇರಿಕೊಂಡಳಂತೆ. ಅಲ್ಲಿಯವರಿಗೆ ಯಾರೂ ಏನೂ ಹೇಳಲಿಲ್ಲ. ಹೇಳಿದರೆ ಮದುವೆಯಾಗಬೇಕಾದ ಹುಡುಗಿ, ಪಾಪ, ಅಂತ. ಚಿಕಿತ್ಸೆ ಕೊಡಿಸಲಿಲ್ಲ ಅನ್ನುವುದು ಮಾತ್ರ ಯಾರಿಗೂ ಪಾಪ ಅನ್ನಿಸಲಿಲ್ಲ.

ಹೀಗೆ ಸದ್ದಿಲ್ಲದೆ ಸಾಗಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದಲ್ಲೇ ಸಾಕ್ಷಿ ಇದೆ. ಡೇವಿಡ್ ಕ್ವಿಯಾಟ್ಕೊವ್ಸ್ಕಿ ಅಂತ ಒಬ್ಬ ಟೆಕ್ನಿಷಿಯನ್. ನರ್ಸ್ ಅಲ್ಲ. ಫೆಂಟನಿಲ್ ಅನ್ನುವ ನೋವಿನ ಔಷಧದ ಸಿರಿಂಜ್ ಕದ್ದು ತಾನು ಚುಚ್ಚಿಕೊಂಡು, ಅದೇ ಸಿರಿಂಜಿಗೆ ಸಲೈನ್ ತುಂಬಿ ಇಡುತ್ತಿದ್ದ. ಅವನಿಗೆ ರಕ್ತದಿಂದ ಹರಡುವ ಯಕೃತ್ತಿನ ಸೋಂಕು ಹೆಪಟೈಟಿಸ್ ಸಿ ಇತ್ತು. ಹಿಂದೆ ಸಿಕ್ಕಿಬಿದ್ದ ಕಡೆ ಕೆಲಸದಿಂದ ತೆಗೆದರು, ಅವನು ಬೇರೆ ರಾಜ್ಯಕ್ಕೆ ಹೋಗಿ ಸೇರಿಕೊಂಡ. 2012ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಆಸ್ಪತ್ರೆಯೊಂದರ ಪ್ರಕರಣದಲ್ಲಿ ಹಿಡಿಯುವ ಹೊತ್ತಿಗೆ 40ಕ್ಕೂ ಹೆಚ್ಚು ರೋಗಿಗಳಿಗೆ ಸೋಂಕು ತಗುಲಿತ್ತು. ಮರುವರ್ಷ 39 ವರ್ಷ ಜೈಲಾಯಿತು. ಹಾಗಾಗಿ ದಿನಾ ಬೆಳಗಿನ ಹಾಜರಿ, ಆ ಗಸಗಸೆಯ ನಿಯಮ, ಯಾವುದನ್ನೂ ಸುಮ್ನೆ ಕಿರುಕುಳ ಅನ್ನಲು ನನಗೆ ಬಾಯಿ ಬರುತ್ತಿಲ್ಲ. ಔಷಧದ ಲೆಕ್ಕ ನೋಡುವವನಾಗಿ ಅದು ಬೇಕು ಅಂತ ನನಗೂ ಗೊತ್ತು. ಪರೀಕ್ಷೆ ಇರುವುದರಿಂದಲೇ "ನಾನು ಬಿಟ್ಟಿದ್ದೇನೆ" ಅಂತ ನಮ್ಮ ನರ್ಸ್ ಕಾಗದ ಹಿಡಿದು ತೋರಿಸಬಲ್ಲರು. ಭಾವನ ನರ್ಸಿಂಗ್ ಹೋಂನ ಆ ಹಿಂದಿನ ಸಿಸ್ಟರ್ ಹತ್ತಿರ ಅಂಥ ಕಾಗದ ಇಲ್ಲ.

ಕಾನೂನು ನಮ್ಮಲ್ಲೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ, ಡ್ರಗ್ಸ್‌ನಿಂದ ಬರುವ ತೊಂದರೆಯನ್ನು ಕಾಯಿಲೆ ಅಂತಲೇ ಎಣಿಸುತ್ತದೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ. ಮಲೆನಾಡಿನಿಂದ ಒಂದು ರಾತ್ರಿ ಬಸ್ಸಿನ ದಾರಿ. ಇಷ್ಟನ್ನು ನಾನು ಭಾವನಿಗೆ ಹೇಳಿದೆ.

ನಮ್ಮ ನರ್ಸ್‌ಗೆ ಕೊನೆಗೆ ಡಯಾಲಿಸಿಸ್ ಸೆಂಟರ್ ಒಂದರಲ್ಲಿ ಹಗಲಿನ ಕೆಲಸ ಸಿಕ್ಕಿತು. ಅಲ್ಲಿ ನೋವಿನ ಇಂಜೆಕ್ಷನ್ ಕಡಿಮೆ. ಸಂಬಳವೂ ಕಡಿಮೆ. ತೆಗೆದುಕೊಂಡ ಮ್ಯಾನೇಜರ್ ಹಿಂದೊಮ್ಮೆ ಇದೇ ಕಾರ್ಯಕ್ರಮ ಮುಗಿಸಿ ಬಂದವರಂತೆ. ಅಂದರೆ ಅಮೆರಿಕದಲ್ಲೂ ಕೆಲಸ ಸಿಗಬೇಕಾದರೆ ಒಬ್ಬ ಭಾವ ಬೇಕಾಯಿತು. ಅವರ ಹಳೆಯ ಐಸಿಯು ಮಾತ್ರ ಈಗಲೂ "ನರ್ಸ್‌ಗಳು ಬೇಕಾಗಿದ್ದಾರೆ" ಅಂತ ವಾರಕ್ಕೊಂದು ಇಮೇಲ್ ಕಳಿಸುತ್ತದೆ. ಹಳೆಯ ಪಟ್ಟಿಯಿಂದ ಅವರ ಹೆಸರು ತೆಗೆಯಲು ಯಾರಿಗೂ ತೋಚಿಲ್ಲ.

ಭಾವ ಏನಂದರು ಅಂತ ಹೇಳಲಿಲ್ಲ ಅಲ್ವಾ? "ಗಂಡಸಿನ ಕುಡಿತ ಬೇರೆ, ಅದು ಬೇರೆ ಮಾರಾಯ" ಅಂದರು. ಹೇಗೆ ಬೇರೆ ಅಂತ ಕೇಳಿದೆ. ಓಪಿಡಿಗೆ ಜನ ಬಂದಿದ್ದಾರೆ, ಆಮೇಲೆ ಮಾಡ್ತೀನಿ ಅಂದರು. ಹಳೆ ಸಿಸ್ಟರ್ ಈಗ ಎಲ್ಲಿದ್ದಾಳೆ ಅಂತ ಅಕ್ಕ ವಿಚಾರಿಸುತ್ತಿದ್ದಾಳೆ.