ಏಳೆಪ್ಪತ್ತು ಸಲದ ಲೆಕ್ಕ

ದೇವರನ್ನು ನಂಬದ ಒಬ್ಬ ಮನುಷ್ಯ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿಗೆ ಬಂದು ಕುಳಿತ ದಿನದಿಂದ ನಾನು ಬೈಬಲನ್ನು ಬಹಳ ಎಚ್ಚರಿಕೆಯಿಂದ ಓದುತ್ತಿದ್ದೇನೆ. ಭಕ್ತಿ ಉಕ್ಕಿ ಬಂದು ಅಲ್ಲ, ಅವನೂ ಓದಿಕೊಂಡಿದ್ದಾನೆ ಎಂಬ ಭಯಕ್ಕೆ. ಚರ್ಚಿನಲ್ಲಿ ಗುರುಗಳ ಪ್ರಬೋಧನೆಯ ನಡುವೆ ತೂಕಡಿಸಿದರೆ ಕೇಳುವವರಿಲ್ಲ. ಇವನ ಪಕ್ಕದಲ್ಲಿ ಕುಳಿತು ತೂಕಡಿಸುವಂತಿಲ್ಲ.

ಪರಿಚಯವಾದ ವಾರದಲ್ಲೇ ನನ್ನ ಪೆನ್ನನ್ನು ಕೊಂಡೊಯ್ದು ಕಳೆದುಹಾಕಿದ. ‘ಪರವಾಗಿಲ್ಲ’ ಎಂದೆ. ‘ಸೋದರನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಶಿಷ್ಯ ಪೇತ್ರ ಕೇಳಿದ್ದಕ್ಕೆ ನಿಮ್ಮ ಯೇಸು ಏಳೆಪ್ಪತ್ತು ಸಲ ಎಂದನಲ್ಲವೇ? ಅಂದರೆ 490. ಇವತ್ತಿಗೆ ಒಂದು ಖರ್ಚಾಯಿತು’ ಎಂದು ಒಂದು ಚೀಟಿಯ ಮೇಲೆ ಗೀಟು ಎಳೆದ. ನನ್ನ ಕುರ್ಚಿಯನ್ನು ಎಳೆದುಕೊಂಡು ಹೋದಾಗ ಇನ್ನೊಂದು ಗೀಟು. ಕೆಲಸ ಶುರುಮಾಡುವ ಮುನ್ನ ನಾನು ಒಂದು ಗಳಿಗೆ ಕಣ್ಣು ಮುಚ್ಚಿದರೆ ‘ಇಷ್ಟು ಬೇಗ ನಿದ್ದೆಯೇ?’ ಎಂದು ಹತ್ತು ಜನರಿಗೆ ಕೇಳುವಂತೆ ಕೂಗಿದ್ದಕ್ಕೆ ಮತ್ತೊಂದು. ಕ್ಷಮೆಗೆ ಲೆಕ್ಕ ಇಡಬಾರದು ಎಂಬುದೇ ಆ ಮಾತಿನ ತಾತ್ಪರ್ಯವೆಂದು ನಾನು ವಿವರಿಸಿ ಹೇಳಿದೆ. ‘ಸರಿ, ನೀನು ಇಡಬೇಡ. ನಾನು ಇಡುತ್ತೇನೆ’ ಎಂದ.

ನಿಮ್ಮ ನಂಬಿಕೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಸದಾ ಸಿದ್ಧರಾಗಿರಿ ಎಂದು ಪೇತ್ರನ ಮೊದಲ ಪತ್ರದಲ್ಲಿದೆ. ನಾನು ಸಿದ್ಧನಾಗಿಯೇ ಇದ್ದೆ. ಲೋಕದಲ್ಲಿ ಕೇಡು ಏಕಿದೆ, ಪವಾಡಗಳು ಸಾಧ್ಯವೇ, ವಿಜ್ಞಾನಕ್ಕೂ ವಿಶ್ವಾಸಕ್ಕೂ ಜಗಳವೇ, ಎಲ್ಲದಕ್ಕೂ ಉತ್ತರ ಬಾಯಿಪಾಠವಾಗಿತ್ತು. ಇಷ್ಟು ವರ್ಷಗಳಲ್ಲಿ ಯಾರೂ ಕೇಳಲಿಲ್ಲ. ಅವರು ಕೇಳುವುದೆಲ್ಲ ‘ಆ ವರದಿ ಯಾವಾಗ ಕೊಡುತ್ತೀಯ?’ ಎಂದು. ಅದಕ್ಕೆ ಮಾತ್ರ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಅದೇ ವಾಕ್ಯದ ಕೊನೆಯಲ್ಲಿ ‘ಸೌಮ್ಯತೆಯಿಂದ, ಗೌರವದಿಂದ’ ಎಂಬ ಷರತ್ತೂ ಇದೆ. ಬಾಯಿಪಾಠ ಮಾಡುವಾಗ ನಾನು ಅಷ್ಟು ದೂರ ಹೋಗಿರಲಿಲ್ಲ.

ಕೇಳದಿದ್ದರೂ ಸಾಕ್ಷಿ ನುಡಿದದ್ದು ಒಮ್ಮೆ, ಅದೂ ನನ್ನ ಮೊಬೈಲ್. ಬೆಳಗಿನ ಪ್ರಯಾಣದಲ್ಲಿ ಶುಭಸಂದೇಶದ ಧ್ವನಿಮುದ್ರಣ ಕೇಳುವುದು ನನ್ನ ಅಭ್ಯಾಸ. ಅಂದು ಸಭೆಯ ಕೋಣೆಯ ಸ್ಪೀಕರ್ ತಾನಾಗಿಯೇ ನನ್ನ ಮೊಬೈಲಿನ ಜೊತೆ ಸಂಬಂಧ ಬೆಳೆಸಿಕೊಂಡಿತ್ತು. ಮೇಲಧಿಕಾರಿಗಳು ಎದ್ದುನಿಂತು ನಮ್ಮ ವಿಭಾಗದ ಪಾರದರ್ಶಕತೆಯನ್ನು ಬಣ್ಣಿಸುತ್ತಿದ್ದರು. ನಾನು ಗಡಿಯಾರ ನೋಡಲೆಂದು ಮೊಬೈಲಿನ ಮೇಲೆ ಬೆರಳಿಟ್ಟೆ, ಅಷ್ಟೇ. ಗೋಡೆಯಿಂದ ಗುಡುಗಿನಂಥ ಕಂಠವೊಂದು ಹೊರಟಿತು: ಕಪಟಿಗಳೇ, ನೀವು ಸುಣ್ಣ ಬಳಿದ ಸಮಾಧಿಗಳು, ಹೊರಗೆ ಅಂದ, ಒಳಗೆ ಎಲುಬು! ಮತ್ತಾಯನ ಶುಭಸಂದೇಶದ 23ನೆಯ ಅಧ್ಯಾಯ, 27ನೆಯ ವಚನ. ನಡುಗುವ ಬೆರಳಿಗೆ ನಿಲ್ಲಿಸುವ ಗುಂಡಿ ಸಿಗುವಷ್ಟರಲ್ಲಿ ಅದು 33ಕ್ಕೆ ತಲುಪಿ ಎಲ್ಲರನ್ನೂ ಹಾವುಗಳೆಂದು ಕರೆದಾಗಿತ್ತು.

‘ಇದು ನಿಮ್ಮ ಅಭಿಪ್ರಾಯವೇ?’ ಎಂದರು ಮೇಲಧಿಕಾರಿಗಳು.

‘ಅಲ್ಲ ಸರ್, ಮತ್ತಾಯನದು.’

‘ಯಾವ ವಿಭಾಗದವರು ಅವರು?’

‘ಸುಂಕದ ವಿಭಾಗ, ಸರ್’ ಎಂದ ನನ್ನ ಗೆಳೆಯ, ಮುಖದ ಒಂದು ಗೆರೆಯೂ ಅಲುಗದಂತೆ. ಮತ್ತಾಯ ಶಿಷ್ಯನಾಗುವ ಮೊದಲು ಸುಂಕದವನಾಗಿದ್ದುದು ಆ ಕೋಣೆಯಲ್ಲಿ ನಮ್ಮಿಬ್ಬರಿಗೇ ಗೊತ್ತಿತ್ತು. ನಾಸ್ತಿಕನೊಬ್ಬ ನನ್ನನ್ನು ಕಾಪಾಡಿದನೋ ಮುಳುಗಿಸಿದನೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ್ದು ಇನ್ನೊಂದು ಕಥೆ. ಹಿಂದಿನ ವರ್ಷದ ಗರಿಗಳ ಭಾನುವಾರದ ಒಣ ಗರಿಗಳನ್ನು ಸುಟ್ಟ ಬೂದಿಯಿಂದ ಗುರುಗಳು ಹಣೆಗೆ ಶಿಲುಬೆ ಎಳೆದು, ನೀನು ಮಣ್ಣು, ಮಣ್ಣಿಗೇ ಮರಳುವೆ ಎಂದು ನೆನಪಿಸುತ್ತಾರೆ. ತಮಾಷೆಯೆಂದರೆ, ಅದೇ ಪೂಜೆಯಲ್ಲಿ ಓದುವ ಶುಭಸಂದೇಶ ಹೇಳುವುದು: ಉಪವಾಸ ಮಾಡುವಾಗ ಮುಖ ತೊಳೆದುಕೋ, ಜನರಿಗೆ ತಿಳಿಯದಿರಲಿ. ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆಂದು ನಾನು ಗುರುಗಳನ್ನು ಕೇಳಿಲ್ಲ; ಅವರ ಹಣೆಯ ಮೇಲೂ ಬೂದಿ ಇತ್ತು.

ಕಚೇರಿಯ ಬಾಗಿಲಲ್ಲೇ ಒಬ್ಬರು ಕನಿಕರದಿಂದ ಕಾಗದದ ಕರವಸ್ತ್ರ ಚಾಚಿ ‘ಮುಖಕ್ಕೆ ಮಸಿ ಮೆತ್ತಿದೆ’ ಎಂದರು. ಒರೆಸಿದರೆ ನಂಬಿಕೆಗೆ ನಾಚಿದಂತೆ, ಬಿಟ್ಟರೆ ಭಕ್ತಿಯನ್ನು ಮೆರೆಸಿದಂತೆ. ಈ ಧರ್ಮಸಂಕಟ ಹೊತ್ತು ಕನ್ನಡಿಯ ಮುಂದೆ ಹತ್ತು ನಿಮಿಷ ನಿಂತೆ. ಹೊಟ್ಟೆ ಬೇರೆ ಖಾಲಿ. ಹಿಂದಿನಿಂದ ಪರಿಚಿತ ಧ್ವನಿ ಬಂತು: ‘ಮತ್ತಾಯನ ಆರನೆಯ ಅಧ್ಯಾಯದಲ್ಲಿ ತೊಳೆದುಕೋ ಎಂದಿದೆ.’ ಸಿಟ್ಟಿನಿಂದ ಒಮ್ಮೆ ಉಜ್ಜಿದೆ. ಉದ್ದದ ಗೆರೆ ಅಳಿಸಿ ಅಡ್ಡದ್ದು ಉಳಿಯಿತು. ಇಡೀ ದಿನ ಹಣೆಯ ಮೇಲೆ ಋಣಚಿಹ್ನೆ ಹೊತ್ತು ತಿರುಗಿದೆ.

ನಮ್ಮವರ ಹಿರಿಮೆಯನ್ನು ಒಮ್ಮೆಯಾದರೂ ಸಾಬೀತುಪಡಿಸಬೇಕೆಂಬ ಹಟಕ್ಕೆ ಬಿದ್ದು ಅವನಿಗೆ ಪ್ಲಿನಿಯ ವಿಷಯ ತೆಗೆದೆ. ಸುಮಾರು ಕ್ರಿ.ಶ. 112ರಲ್ಲಿ ರೋಮನ್ ಪ್ರಾಂತಾಧಿಕಾರಿಯಾಗಿದ್ದ ಈತ ಕ್ರೈಸ್ತರ ಅಪರಾಧವೇನೆಂದು ತಿಳಿಯಲು ಇಬ್ಬರು ಸೇವಕಿಯರನ್ನು ಹಿಂಸಿಸಿ ವಿಚಾರಿಸಿದ. ಅತಿರೇಕದ ಮೂಢನಂಬಿಕೆಯ ಹೊರತು ಬೇರೇನೂ ಸಿಗಲಿಲ್ಲ ಎಂದು ಟ್ರಾಜನ್ ಚಕ್ರವರ್ತಿಗೆ ಬರೆದ. ಕ್ರೈಸ್ತರೆಂದು ದೂರು ಬಂದವರು ಹೇಳಿದ್ದು ಇಷ್ಟೇ: ನಸುಕಿನಲ್ಲಿ ಸೇರಿ ಹಾಡುತ್ತಿದ್ದೆವು, ಕದಿಯುವುದಿಲ್ಲ, ಮಾತಿಗೆ ತಪ್ಪುವುದಿಲ್ಲ, ನಂಬಿ ಇಟ್ಟ ವಸ್ತುವನ್ನು ಕೇಳಿದಾಗ ಇಲ್ಲವೆನ್ನುವುದಿಲ್ಲ ಎಂದು ಪ್ರಮಾಣ ಮಾಡುತ್ತಿದ್ದೆವು. ‘ನೋಡು, ಶತ್ರುವೇ ಕೊಟ್ಟ ಪ್ರಮಾಣಪತ್ರ!’ ಎಂದು ನಾನು ಎದೆಯುಬ್ಬಿಸಿದೆ.

ಅವನು ಪೂರ್ತಿ ಕೇಳಿದ. ಬಹಳ ಹೊತ್ತು ತಲೆದೂಗಿದ. ಆಮೇಲೆ ‘ನನ್ನ ಕೊಡೆ?’ ಎಂದ.

ಮೂರು ತಿಂಗಳ ಹಿಂದೆ ಒಯ್ದದ್ದು. ಮಾರನೆಯ ದಿನ ತಂದುಕೊಟ್ಟೆ, ಒಂದು ಕಡ್ಡಿ ಮುರಿದಿತ್ತು.

ಅದಕ್ಕೆ ಪ್ರತಿಯಾಗಿ ಅವನು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ರೋಮಿನ ಪ್ಯಾಲಟೈನ್ ಬೆಟ್ಟದಲ್ಲಿ 1857ರಲ್ಲಿ ಸಿಕ್ಕ ಗೋಡೆಗೀಚು. ಶಿಲುಬೆಯ ಮೇಲೆ ಕತ್ತೆಯ ತಲೆಯ ಮನುಷ್ಯ, ಕೆಳಗೆ ಕೈಯೆತ್ತಿದ ಹುಡುಗ, ಪಕ್ಕದಲ್ಲಿ ಅಲೆಕ್ಸಾಮೆನೊಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ ಎಂಬ ಬರಹ. ‘ನನ್ನಂಥವರು ಆಗಲೂ ಇದ್ದರು’ ಎಂದ, ವಂಶವೃಕ್ಷ ತೋರಿಸುವವನ ಹೆಮ್ಮೆಯಲ್ಲಿ. ಪಕ್ಕದ ಕೋಣೆಯಲ್ಲಿ ಬೇರೊಂದು ಕೈ ‘ಅಲೆಕ್ಸಾಮೆನೊಸ್ ವಿಶ್ವಾಸಿ’ ಎಂದು ಗೀಚಿದೆಯಂತೆ. ಅಷ್ಟೇ, ಎರಡು ಪದ. ನಾನಾಗಿದ್ದರೆ ನಾಲ್ಕು ಗೋಡೆ ತುಂಬಿಸಿ ಚಾವಣಿಗೆ ಏಣಿ ಕೇಳುತ್ತಿದ್ದೆ.

ಮೊನ್ನೆ ನನ್ನ ವರದಿಯ ಕಡತ ಕಂಪ್ಯೂಟರಿನಿಂದ ಮಾಯವಾಯಿತು. ಕೊನೆಯ ದಿನ ಬೇರೆ. ಹಿಂದಿನ ಸಂಜೆ ಅದನ್ನು ತೆರೆದು ನೋಡಿದವನು ಅವನೊಬ್ಬನೇ. ಎಲ್ಲರ ಎದುರು ಎದ್ದುನಿಂತು ‘ನಿನಗೆ ಯಾವುದೂ ಪವಿತ್ರವಲ್ಲ!’ ಎಂದು ಕೂಗಾಡಿದೆ. ಗಲಾತ್ಯರಿಗೆ ಬರೆದ ಪತ್ರದಲ್ಲಿ ಪವಿತ್ರಾತ್ಮರ ಫಲಗಳು ಒಂಬತ್ತು. ತಾಳ್ಮೆ, ಸೌಮ್ಯತೆ, ಸಂಯಮ ಮೂರನ್ನೂ ಒಂದೇ ವಾಕ್ಯದಲ್ಲಿ ಕಳೆದುಕೊಂಡೆ. ಅವನು ಏನೂ ಹೇಳಲಿಲ್ಲ. ಯಾವ ವಚನವನ್ನೂ ಎತ್ತಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಒಂದು ಗಂಟೆಯ ಬಳಿಕ ಕಡತ ಸಿಕ್ಕಿತು. ತಪಸ್ಸುಕಾಲದ ಧ್ಯಾನಗಳೆಂದು ಹೆಸರಿಟ್ಟ ನನ್ನದೇ ಕೋಶದಲ್ಲಿ, ನಾನೇ ಉಳಿಸಿದ್ದು.

ಪಾಪನಿವೇದನೆಗೆ ಗುರುಗಳ ಮುಂದೆ ಮೊಣಕಾಲೂರಿದ್ದೇನೆ. ಅಲ್ಲಿ ನಡುವೆ ಜಾಲರಿ ಇರುತ್ತದೆ, ಅರೆಗತ್ತಲು ಇರುತ್ತದೆ. ಇಲ್ಲಿ ಕೊಳವೆದೀಪದ ಬೆಳಕು, ಕಿವಿ ನೆಟ್ಟಗೆ ಮಾಡಿಕೊಂಡ ಒಂದು ಡಜನ್ ಜನ. ಕೂಗಾಡಿದಷ್ಟೇ ಗಟ್ಟಿಯಾಗಿ ಹೇಳಬೇಕಲ್ಲ ಎಂದುಕೊಂಡು ಎದ್ದುನಿಂತೆ. ‘ತಪ್ಪು ನನ್ನದು. ಕ್ಷಮಿಸು’ ಎಂದೆ. ಅರ್ಧ ದಾರಿಯಲ್ಲಿ ಗಂಟಲು ಕೈಕೊಟ್ಟಿತು.

ಅವನು ಗೀಟುಗಳ ಹಳೆಯ ಚೀಟಿಯನ್ನು ಹೊರತೆಗೆದು, ಮಗುಚಿ, ಖಾಲಿ ಬೆನ್ನಿನ ಮೇಲೆ ನನ್ನ ಹೆಸರು ಬರೆದು, ಒಂದು ಗೀಟು ಎಳೆದ.

‘ಇನ್ನು 489’ ಎಂದೆ, ನಗಿಸಲು ನೋಡುತ್ತ.

‘ಕೆಲವು ಅನುವಾದಗಳಲ್ಲಿ ಎಪ್ಪತ್ತೇಳು ಸಲ ಎಂದಷ್ಟೇ ಇದೆ, ಗೊತ್ತೇ?’ ಎಂದ ತಲೆಯೆತ್ತದೆ. ‘ನಿನಗೆ ಆ ಅನುವಾದ. 76 ಉಳಿದಿವೆ.’