ಮೊಟ್ಟೆಯ ಲೆಕ್ಕ, ಬೇಳೆಯ ಲೆಕ್ಕ

ರಷ್ಯಾದ ರಕ್ಷಣಾ ಖಾತೆಯ ದೊಡ್ಡವರು ಒಬ್ಬರ ಹಿಂದೆ ಒಬ್ಬರು ಒಳಗೆ ಹೋಗುತ್ತಿದ್ದಾರೆ. ಉಪಸಚಿವರಾಗಿದ್ದ ತಿಮೂರ್ ಇವಾನೊವ್ ಅವರಿಗೆ 2025ರ ಜುಲೈನಲ್ಲಿ 13 ವರ್ಷ ಬಿತ್ತು. ಸೈನ್ಯಕ್ಕೆ ಊಟ, ಬಟ್ಟೆ, ಡೀಸೆಲ್ ತಲುಪಿಸುವ ಹೊಣೆಯನ್ನು 2008ರಿಂದ 2022ರವರೆಗೆ ಹೊತ್ತಿದ್ದ ಜನರಲ್ ದ್ಮಿತ್ರಿ ಬುಲ್ಗಾಕೊವ್ ಅವರನ್ನು ಅದಕ್ಕೆ ಒಂದು ವರ್ಷ ಮೊದಲೇ ಹಿಡಿದಿದ್ದರು. ಸೈನಿಕರಿಗೆ ಕಳಪೆ ಆಹಾರವನ್ನು ದುಬಾರಿ ದರಕ್ಕೆ ಕೊಡಿಸಿದರು ಎಂಬುದು ಅವರ ಮೇಲಿನ ಆರೋಪ. ಅವರಿಗಿದ್ದ ಬಿರುದು ‘ಹೀರೋ ಆಫ್ ರಷ್ಯಾ’. ಇದನ್ನೆಲ್ಲ ಓದಿದ ಹಾಸನದವರಿಗೆ ಬೆರಗು ಹುಟ್ಟಿಸುವ ಸಂಗತಿ ಒಂದೇ. ಹಿಡಿದರಲ್ಲ!

2022ರ ಫೆಬ್ರುವರಿ ಕೊನೆಯಲ್ಲಿ ಉಕ್ರೇನಿನ ರಾಜಧಾನಿ ಕೀವ್ ನಗರದ ಉತ್ತರಕ್ಕೆ ನಿಂತುಬಿಟ್ಟ ರಷ್ಯಾ ಸೈನ್ಯದ ಆ ವಾಹನಗಳ ಸಾಲು ನೆನಪಿದೆ ತಾನೇ? ಸುಮಾರು 64 ಕಿಲೋಮೀಟರ್. ಹಾಸನದ ಬಸ್ ನಿಲ್ದಾಣದಿಂದ ಹೊರಟು, ಬೇಲೂರು ದಾಟಿ, ಚಿಕ್ಕಮಗಳೂರಿನ ತನಕ ಒಂದರ ಹಿಂದೊಂದು ಟ್ಯಾಂಕು, ಲಾರಿ, ಮತ್ತೆ ಟ್ಯಾಂಕು. ಉಕ್ರೇನಿನವರು ಹೊಡೆದದ್ದು ಹೌದು, ಕೆಸರು ಹೌದು. ಜೊತೆಗೆ ಡೀಸೆಲ್ ಇಲ್ಲ, ಊಟವಿಲ್ಲ. ಸೈನಿಕರ ಆಹಾರದ ಪೊಟ್ಟಣಗಳಲ್ಲಿ ಕೆಲವಕ್ಕೆ 2015ರಲ್ಲೇ ಅವಧಿ ಮುಗಿದಿತ್ತು. ಪಾಂತ್ಸಿರ್ ಎಂಬ ಭಾರಿ ಬೆಲೆಯ ವಿಮಾನ ನಿರೋಧಕ ವಾಹನವೊಂದು ಟೈರು ಸೀಳಿಕೊಂಡು ಕೆಸರಿನಲ್ಲಿ ಕೂತಿದ್ದ ಚಿತ್ರವನ್ನು ಇಡೀ ಜಗತ್ತು ನೋಡಿತು. ಆಗಾಗ ಓಡಿಸದೆ, ಗಾಳಿ ನೋಡದೆ ಬಿಸಿಲಿಗೆ ನಿಲ್ಲಿಸಿದರೆ ಟೈರಿನ ರಬ್ಬರು ಹೀಗೆ ಬಿರಿಯುತ್ತದೆ ಎಂದು ತಜ್ಞರು ವಿವರಿಸಿದರು. ಇದಕ್ಕೆ ತಜ್ಞರು ಯಾಕೆ ಬೇಕಿತ್ತು? ಸರ್ಕಾರಿ ಕಚೇರಿಯ ಹಿಂಭಾಗದಲ್ಲಿ ಬಾನೆಟ್ಟಿನ ಸಂದಿಯಿಂದ ಅತ್ತಿಗಿಡ ಹುಟ್ಟಿ, ಮೂರು ಚಕ್ರ ಹೋಗಿ, ನಾಲ್ಕನೆಯದು ಮಣ್ಣಿನಲ್ಲಿ ಹೂತುಹೋದ ಜೀಪನ್ನು ನೋಡಿದ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.

ಆ ವರ್ಷದ ಅಕ್ಟೋಬರಿನಲ್ಲಿ ರಷ್ಯಾದ ಸಂಸದ ಆಂದ್ರೇ ಗುರುಲ್ಯೊವ್, ತಾವೂ ನಿವೃತ್ತ ಜನರಲ್, ಹದಿನೈದು ಲಕ್ಷ ಜೊತೆ ಸಮವಸ್ತ್ರ ಎಲ್ಲಿ ಹೋದವು ಎಂದು ಬಹಿರಂಗವಾಗಿ ಕೇಳಿದರು. ಹದಿನೈದು ಲಕ್ಷ! ನಮ್ಮಲ್ಲಿ ಶಾಲೆಯ ಸೈಕಲ್ಲು, ಶೂ ಎಂದು ಸಾವಿರದ ಲೆಕ್ಕದಲ್ಲಿ ಕೈಯಾಡಿಸುವವರು ಇದನ್ನು ಓದಿ ಎಷ್ಟು ಕೀಳರಿಮೆಪಟ್ಟಿರಬೇಡ.

ಉಕ್ರೇನಿನ ಕಡೆ ಎಲ್ಲರೂ ಹರಿಶ್ಚಂದ್ರರೇ ಎಂದುಕೊಳ್ಳಬೇಡಿ. 2023ರ ಜನವರಿಯಲ್ಲಿ ಅಲ್ಲಿನ ಪತ್ರಕರ್ತರೊಬ್ಬರು ಸೈನ್ಯದ ಆಹಾರದ ಗುತ್ತಿಗೆಯನ್ನು ಬಿಚ್ಚಿಟ್ಟರು. ಅಂಗಡಿಯಲ್ಲಿ ಸುಮಾರು 7 ಹ್ರಿವ್ನಿಯಾಕ್ಕೆ (ಅದು ಅಲ್ಲಿನ ನಾಣ್ಯ) ಸಿಗುವ ಮೊಟ್ಟೆಗೆ ಅದರಲ್ಲಿ 17 ಹ್ರಿವ್ನಿಯಾ. ರಕ್ಷಣಾ ಸಚಿವರ ಸಮಜಾಯಿಷಿ ಅಮೋಘವಾಗಿತ್ತು: ಮೊಟ್ಟೆಯನ್ನು ತೂಕದ ಲೆಕ್ಕದಿಂದ ಬಿಡಿ ಲೆಕ್ಕಕ್ಕೆ ಬದಲಿಸುವಾಗ ತಾಂತ್ರಿಕ ದೋಷವಾಯಿತಂತೆ. ಉಪಸಚಿವರೊಬ್ಬರು ರಾಜೀನಾಮೆ ಕೊಟ್ಟರು. ಮುಂದೆ ಚಳಿಗಾಲದ ಜಾಕೆಟ್ಟುಗಳ ಗಲಾಟೆಯೂ ಸೇರಿ ಸೆಪ್ಟೆಂಬರಿನಲ್ಲಿ ಸಚಿವರೇ ಹೊರಗೆ ಹೋದರು. ಮೊಟ್ಟೆಯ ವಿಷಯದಲ್ಲಿ ನಾವೇನೂ ಹಿಂದುಳಿದಿಲ್ಲ. 2024ರಲ್ಲಿ ಕೊಪ್ಪಳ ಜಿಲ್ಲೆಯ ಅಂಗನವಾಡಿಯೊಂದರಲ್ಲಿ ಮಕ್ಕಳ ತಟ್ಟೆಗೆ ಮೊಟ್ಟೆ ಇಟ್ಟು, ವಿಡಿಯೊ ಮಾಡಿಕೊಂಡು, ವಾಪಸು ತೆಗೆದುಕೊಂಡರಲ್ಲ. ಹೋಲಿಸುವುದು ತಪ್ಪು, ಒಪ್ಪುತ್ತೇನೆ. ಆ ಮಕ್ಕಳಿಗೆ ಮೊಟ್ಟೆಯ ದರ್ಶನವಾದರೂ ಆಗಿತ್ತು.

ಈ ಯುದ್ಧದ ಸುದ್ದಿಯಲ್ಲಿ ಕ್ರಿಮಿಯಾ ಎಂಬ ಹೆಸರು ಬಂದಾಗಲೆಲ್ಲ ನನ್ನ ಮನಸ್ಸು ಕಾಫಿಯ ಕಡೆಗೆ ಓಡುತ್ತದೆ. ಸಕಲೇಶಪುರದ ಕಡೆಯ ಸಂಬಂಧವಿದ್ದವನು ಎಲ್ಲಿ ಹೊರಟರೂ ಅಲ್ಲಿಗೇ ಬಂದು ನಿಲ್ಲುತ್ತಾನೆ, ಕ್ಷಮಿಸಿ. 1854ರ ಚಳಿಗಾಲದಲ್ಲಿ, ರಷ್ಯಾದ ಮೇಲಿನ ಯುದ್ಧದಲ್ಲಿ, ಕ್ರಿಮಿಯಾದ ಸೆವಸ್ಟೊಪೋಲಿಗೆ ಮುತ್ತಿಗೆ ಹಾಕಿ ಕೂತಿದ್ದ ಬ್ರಿಟಿಷ್ ಸೈನಿಕರಿಗೆ ಸರ್ಕಾರ ಕಾಫಿ ಕಳಿಸಿತು. ಪುಡಿಯಲ್ಲ, ಹುರಿದ ಬೀಜವೂ ಅಲ್ಲ. ಹಸಿರು ಬೀಜ. ಹುರಿದದ್ದಾದರೆ ತೇವಕ್ಕೆ ಕೆಡುತ್ತದೆ ಎಂಬ ವಾದ. ವಾದದಲ್ಲಿ ಎಳ್ಳಷ್ಟೂ ತಪ್ಪಿಲ್ಲ, ನಮ್ಮ ಕ್ಯೂರಿಂಗ್ ವರ್ಕ್ಸಿನವರೂ ಅದನ್ನೇ ಹೇಳುತ್ತಾರೆ. ಆದರೆ ಬೀಜ ಹುರಿಯುವ ಕಷ್ಟ ಏನೆಂದು ಮನೆಯ ಅಜ್ಜಿಯಂದಿರನ್ನು ಕೇಳಿ. ದಪ್ಪ ತಳದ ಬಾಣಲೆ ಬೇಕು, ಹದವಾದ ಉರಿ ಬೇಕು, ಕೈ ಬಿಡದೆ ತಿರುವಬೇಕು, ಬೀಜ ಚಟಪಟ ಸಿಡಿದು ಎಣ್ಣೆ ಬಿಡುವ ಹೊತ್ತಿಗೆ ಸರಿಯಾಗಿ ಇಳಿಸಬೇಕು. ತುಸು ತಡವಾದರೆ ಇದ್ದಿಲು. ಕಂದಕದಲ್ಲಿ ಮೊಣಕಾಲುದ್ದ ನೀರಿನಲ್ಲಿ ರಾತ್ರಿ ಕಳೆದು ಬಂದವನಿಗೆ ಬಾಣಲೆ ಎಲ್ಲಿ, ಒಣ ಸೌದೆ ಎಲ್ಲಿ? ಊಟದ ಡಬ್ಬಿಯ ಮುಚ್ಚಳದಲ್ಲಿ ಹುರಿದರು. ಒಡೆದ ಫಿರಂಗಿ ಗುಂಡಿನ ಚಿಪ್ಪಿನಲ್ಲಿ ಹಾಕಿ ಕುಟ್ಟಿದರು. ಆಗದವರು ಎಸೆದರು. ಕಾಗದದ ಮೇಲೆ ಮಾತ್ರ ಎಲ್ಲರೂ ಕಾಫಿ ಕುಡಿದಿದ್ದರು.

ಅದೇ ಚಳಿಗಾಲ, ಬಾಲಕ್ಲಾವ ಬಂದರಿಗೆ ಡಿಸೆಂಬರಿನಲ್ಲಿ ನಿಂಬೆರಸ ಬಂದಿಳಿಯಿತು. ಬಾಯಿಯ ಒಸಡು ಕೊಳೆತು ರಕ್ತ ಸುರಿಯುವ ಸ್ಕರ್ವಿ ರೋಗಕ್ಕೆ ಅದೇ ಮದ್ದು, ಶಿಬಿರದಲ್ಲಿ ಅದೇ ರೋಗ. ಹಂಚಿದ್ದು ಫೆಬ್ರುವರಿಯಲ್ಲಿ. ಹಂಚುವುದು ತನ್ನ ಕೆಲಸ ಎಂದು ಯಾರಿಗೂ ಅನ್ನಿಸಿರಲಿಲ್ಲ. ಬಂದರಿನಿಂದ ಶಿಬಿರಕ್ಕೆ ಇದ್ದದ್ದು ಸುಮಾರು ಏಳು ಮೈಲಿ. ಕೆಸರಿನಲ್ಲಿ ಕುದುರೆಗಳು ಸತ್ತವು, ಸಾಮಾನು ದಡದಲ್ಲೇ ಕೊಳೆಯಿತು. ಕೊನೆಗೆ 1855ರಲ್ಲಿ ಇಂಗ್ಲೆಂಡಿನ ಪೀಟೊ, ಬ್ರಾಸಿ ಎಂಬ ರೈಲ್ವೆ ಗುತ್ತಿಗೆದಾರರು ಬಂದು ಸುಮಾರು ಏಳು ವಾರಗಳಲ್ಲಿ ಆ ಏಳು ಮೈಲಿಗೆ ಹಳಿ ಹಾಸಿಕೊಟ್ಟರು. ಅದೂ ಲಾಭವಿಲ್ಲದೆ, ಬರೀ ಅಸಲು ಖರ್ಚಿಗೆ. ಪರಿಚಯದ ಗುತ್ತಿಗೆದಾರರೊಬ್ಬರಿಗೆ ಇದನ್ನು ಓದಿ ಹೇಳಿದೆ. ಹಾಸನದಿಂದ ಶಿರಾಡಿಯ ಕಡೆಗಿನ ಚತುಷ್ಪಥ ಕಾಮಗಾರಿಯ ಧೂಳನ್ನು ವರ್ಷಗಟ್ಟಲೆ ಕುಡಿದ ಊರಿನವರು ಅವರು. ಬಹಳ ಹೊತ್ತು ಯೋಚಿಸಿ, “ಅಚ್ಚಿನ ದೋಷವಿರಬೇಕು ಸಾರ್” ಎಂದರು.

ನಗುವುದು ಸುಲಭ. ಸಿಮೆಂಟಿಗೆ ಮರಳು ಅಳತೆ ಮೀರಿ ಬೆರೆತರೆ ನಮ್ಮ ಘಾಟಿಯ ತಡೆಗೋಡೆ ಕುಸಿಯುತ್ತದೆ, ನಾವು ಚಾರ್ಮಾಡಿ ಸುತ್ತಿಕೊಂಡು ಹೋಗುತ್ತೇವೆ. ಸೈನಿಕನಿಗೆ ಸುತ್ತಿಕೊಂಡು ಹೋಗುವ ದಾರಿ ಇಲ್ಲ. 1962ರಲ್ಲಿ ಚೀನಾದ ಸೈನ್ಯದ ಎದುರು ನಮ್ಕಾ ಚು ನದಿಯ ದಂಡೆಗೆ, ಹಿಮಾಲಯದ ಆ ಚಳಿಗೆ, ನಮ್ಮ ಹುಡುಗರನ್ನು ಹತ್ತಿ ಬಟ್ಟೆಯಲ್ಲಿ, ಕ್ಯಾನ್ವಾಸ್ ಶೂಗಳಲ್ಲಿ ಕಳಿಸಿದರು. ಆ ಸೋಲಿನ ತನಿಖೆ ಮಾಡಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಯಾವ ಪಕ್ಷದ ಸರ್ಕಾರವೂ ಇವತ್ತಿನವರೆಗೆ ಪ್ರಕಟಿಸಿಲ್ಲ. ದೇಶಭಕ್ತಿಯ ಭಾಷಣಕ್ಕೆ ಮಾತ್ರ ಯಾವತ್ತೂ ಸರಬರಾಜಿನ ಕೊರತೆ ಬಿದ್ದದ್ದಿಲ್ಲ. ಅರಕಲಗೂಡಿನ ಯಾವುದೋ ಹಳ್ಳಿಯ ಹುಡುಗ ಗಡಿಯಲ್ಲಿ ಸತ್ತು ಪೆಟ್ಟಿಗೆಯಲ್ಲಿ ಬಂದ ದಿನ ವೇದಿಕೆ ಏರುವವರಲ್ಲಿ ಒಬ್ಬರಾದರೂ, ಅವನ ಕಾಲಿಗೆ ಸರಿಯಾದ ಬೂಟು ಇತ್ತೇ ಎಂದು ಕೇಳುತ್ತಾರೆಯೇ? ಕೇಳಿದರೆ ಅದು ಸೈನ್ಯಕ್ಕೆ ಅವಮಾನ. ಬೂಟಿನ ದುಡ್ಡು ತಿಂದರೆ ಅದು ತಾಂತ್ರಿಕ ದೋಷ.

2017ರ ಜನವರಿಯಲ್ಲಿ ಗಡಿ ಭದ್ರತಾ ಪಡೆಯ ತೇಜ್ ಬಹದೂರ್ ಯಾದವ್ ಅರಿಶಿನ, ಉಪ್ಪು ಬಿಟ್ಟರೆ ಬೇರೇನೂ ಇಲ್ಲದ ಬೇಳೆಯನ್ನೂ ಸುಟ್ಟ ರೊಟ್ಟಿಯನ್ನೂ ಮೊಬೈಲಿನಲ್ಲಿ ತೋರಿಸಿದರು. ಏಪ್ರಿಲಿನಲ್ಲಿ ಅವರನ್ನು ಕೆಲಸದಿಂದ ವಜಾ ಮಾಡಿದರು. ಶಿಸ್ತು ಮುಖ್ಯ, ಯಾರೂ ಇಲ್ಲವೆನ್ನುವುದಿಲ್ಲ. ದೂರು ಇದ್ದರೆ ಮೇಲಧಿಕಾರಿಯ ಮೂಲಕ, ಲಿಖಿತವಾಗಿ, ಕ್ರಮಬದ್ಧವಾಗಿ ಸಲ್ಲಿಸಬೇಕು ಎನ್ನುತ್ತಾರೆ ತಿಳಿದವರು. ಸಲ್ಲಿಸೋಣ. ಮಾನ್ಯರೇ, ವಿಷಯ: ಬೇಳೆಯಲ್ಲಿ ಬೇಳೆ ಇಲ್ಲದಿರುವ ಬಗ್ಗೆ. ಲಗತ್ತು: ರೊಟ್ಟಿ ಒಂದು, ಒಂದು ಬದಿ ಸುಟ್ಟದ್ದು, ಇನ್ನೊಂದು ಬದಿ ಹಸಿ.