ಹಿಲ್ ಎಂಡ್‌ನ ಆ ಫೋಟೋ ಬಗ್ಗೆ ಒಂದು ಮಾತು

ಆಸ್ಟ್ರೇಲಿಯಾದ ಹಳೆಯ ಚಿನ್ನದ ಗಣಿ ಊರು ಹಿಲ್ ಎಂಡ್ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಹಿಲ್ ಎಂಡ್‌ನಲ್ಲಿ 1872ರಲ್ಲಿ ಸಿಕ್ಕಿದ್ದನ್ನು 'ಚಿನ್ನದ ಗಟ್ಟಿ' ಅಂತ ಬರೆದಿದ್ದೀರಿ, ಅದು ಪೂರ್ತಿ ಸರಿಯಲ್ಲ. ಅದು ಬೆಣಚುಕಲ್ಲಿನಲ್ಲಿ ಚಿನ್ನ ಬೆರೆತಿದ್ದ ದೊಡ್ಡ ಬಂಡೆ. ತೂಕ ಸುಮಾರು 286 ಕಿಲೋ. ಆಮೇಲೆ ಅದನ್ನು ಒಡೆದು ಪುಡಿ ಮಾಡಿ ಚಿನ್ನ ತೆಗೆದರು.

ಆ ಗಣಿಯ ಪಾಲುದಾರ ಹೋಲ್ಟರ್‌ಮನ್ ಬಂಡೆಯ ಪಕ್ಕ ನಿಂತಿರುವ ಫೋಟೋ ಇದೆಯಲ್ಲ, ಅದೂ ಜೋಡಿಸಿದ್ದೇ! ಆತ ಸ್ಟುಡಿಯೋದಲ್ಲಿ ಸುಮ್ನೆ ಕೈ ಚಾಚಿ ನಿಂತಿದ್ದ. ಬಂಡೆಯ ಚಿತ್ರವನ್ನು ಆಮೇಲೆ ಸೇರಿಸಿದರು. ಫೋಟೋಶಾಪ್ ಆಗಲೇ ಇತ್ತು ನೋಡಿ.

ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಬ್ಯೂಫಾಯ್ ಮರ್ಲಿನ್ ಮತ್ತು ಚಾರ್ಲ್ಸ್ ಬೇಲಿಸ್ ತೆಗೆದ ಊರಿನ ಚಿತ್ರಗಳು. ಮರದ ತೊಗಟೆ ಹೊದಿಸಿದ ಅಂಗಡಿ, ಬಾಗಿಲಲ್ಲಿ ಮಾಲೀಕ, ಪಕ್ಕದಲ್ಲಿ ಮಕ್ಕಳು. ಅಲುಗಾಡಿದವರು ಮಾತ್ರ ಮಸುಕು. ಇವನ್ನು ತೆಗೆಸಲು ದುಡ್ಡು ಹಾಕಿದ್ದು ಇದೇ ಹೋಲ್ಟರ್‌ಮನ್. ಆ ಚಿತ್ರಗಳ ಸುಮಾರು 3,500 ಗಾಜಿನ ನೆಗೆಟಿವ್‌ಗಳು 1951ರವರೆಗೆ ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ, ಒಂದು ಮನೆಯ ತೋಟದ ಶೆಡ್‌ನಲ್ಲಿ ಬಿದ್ದಿದ್ದವು. ಈಗ ನ್ಯೂ ಸೌತ್ ವೇಲ್ಸ್ ಸ್ಟೇಟ್ ಲೈಬ್ರರಿಯಲ್ಲಿವೆ. ಒಂದು ಕಾಲಕ್ಕೆ ಸಾವಿರಾರು ಜನ ತುಂಬಿದ್ದ ಹಿಲ್ ಎಂಡ್‌ನಲ್ಲಿ ಇವತ್ತು ಉಳಿದಿರುವವರು ಕೆಲವೇ ಮನೆಯವರು. ಈ ಶೆಡ್ಡಿನ ಕಥೆಯನ್ನೂ ಲೇಖನಕ್ಕೆ ಸೇರಿಸಬಹುದಿತ್ತು, ಅಲ್ವಾ?